ನೀನಿದ್ದೀಯಲ್ಲ

ಮೂವತ್ತೊಂದು ವರ್ಷ ನಾನು ಮಕ್ಕಳನ್ನು ಎಣಿಸಿದವಳು. ನಗಬೇಡಿ, ಅಂಗನವಾಡಿ ಮೇಲ್ವಿಚಾರಕಿಯ ಕೆಲಸದಲ್ಲಿ ಮುಕ್ಕಾಲು ಪಾಲು ಎಣಿಸುವುದೇ. ಇಪ್ಪತ್ತು ಇಪ್ಪತ್ತೈದು ಕೇಂದ್ರಗಳು ಒಬ್ಬಳ ಪಾಲಿಗೆ. ಆರು ವರ್ಷದೊಳಗಿನವರು ಎಷ್ಟು, ಅದರಲ್ಲಿ ಮೂರು ತುಂಬದವರು ಎಷ್ಟು, ಗರ್ಭಿಣಿಯರು, ಬಾಣಂತಿಯರು, ತೂಕ ಕಡಿಮೆ ಇರುವವರು, ಹೀಗೆ ಕಾಲಂ ಮೇಲೆ ಕಾಲಂ. ತಿಂಗಳ ಕೊನೆಯಲ್ಲಿ ಮೊತ್ತ ತಾಳೆಯಾಗದಿದ್ದರೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. 'ನೀನು ಮಕ್ಕಳನ್ನು ನೋಡಿಕೊಂಡು ಬರ್ತೀಯೋ, ಬರೀ ಗೀಟು ಹಾಕಿ ಬರ್ತೀಯೋ?' ಎಂದು ನಮ್ಮ ಮನೆಯವರು ಹಾಸ್ಯ ಮಾಡುತ್ತಿದ್ದರು. ಆ ಹಾಸ್ಯದಲ್ಲಿ ಒಂದು ಮುಳ್ಳಿತ್ತು ಎಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ, ಅದೂ ಏಳು ಸಮುದ್ರದಾಚೆ.

2018ರ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಮಿನೆಸೋಟಕ್ಕೆ ಹೋದೆ. ಮೆಂತ್ಯದ ಹಿಟ್ಟು, ಒಣಶುಂಠಿ, ಹರಳೆಣ್ಣೆ, ಹಳೆಯ ಸೀರೆ ಹರಿದು ಮಾಡಿದ ಮೆತ್ತನೆಯ ಬಟ್ಟೆ ಎಲ್ಲವನ್ನೂ ಹೊತ್ತುಕೊಂಡು. ನಮ್ಮಲ್ಲಿ ಎಷ್ಟು ಜನ ಹೀಗೆ ಹೋಗಿ ಬಂದಿಲ್ಲ ಹೇಳಿ? ಬೀದಿಗೊಬ್ಬರು ಸಿಗುತ್ತಾರೆ. ಆರು ತಿಂಗಳು ಹೆಣ್ಣಿನ ತಾಯಿ, ಅವಳು ಹಿಂದಿರುಗುವ ವಾರಕ್ಕೆ ಸರಿಯಾಗಿ ಗಂಡಿನ ತಾಯಿ. ವಿಮಾನ ನಿಲ್ದಾಣದಲ್ಲಿ ಒಬ್ಬರನ್ನು ಕಳಿಸಿ ಇನ್ನೊಬ್ಬರನ್ನು ಕರೆದುಕೊಂಡು ಬರುವ ಅಳಿಯಂದಿರನ್ನೂ ಕಂಡಿದ್ದೇನೆ. ಬಸ್ಸಿನ ಡ್ರೈವರುಗಳು ಡ್ಯೂಟಿ ಬದಲಾಯಿಸಿಕೊಳ್ಳುವ ಹಾಗೆ.

ಮಗುವಿಗೆ ಎರಡು ತಿಂಗಳಾದಾಗ ಮಗಳ ಮುಖದಲ್ಲಿ ಚಿಂತೆ ಕಾಣತೊಡಗಿತು. ಆ ದೇಶದಲ್ಲಿ 1993ರಲ್ಲಿ ಬಂದ ಕಾನೂನಿನಂತೆ ಅವಳಿಗಿದ್ದದ್ದು ಹನ್ನೆರಡು ವಾರಗಳ ರಜೆ, ಅದೂ ಸಂಬಳವಿಲ್ಲದೆ. ಬಸುರಿಯಾದ ನಾಲ್ಕನೆಯ ತಿಂಗಳಲ್ಲೇ ಮೂರು ಡೇಕೇರ್‌ಗಳಲ್ಲಿ ಹೆಸರು ಬರೆಸಿದ್ದಳಂತೆ. ಮೂರರಲ್ಲೂ ಇನ್ನೂ ಪಾಳಿ ಬಂದಿರಲಿಲ್ಲ. ಅಲ್ಲಿ ಹಸುಗೂಸುಗಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ನಾಲ್ಕು ಕೂಸುಗಳಿಗೆ ಒಬ್ಬರಂತೆ ಆಳಿರಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ನನ್ನ ಕೇಂದ್ರಗಳಲ್ಲಿ ಮೂವತ್ತು ಮಕ್ಕಳ ನಡುವೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಒದ್ದಾಡುವುದನ್ನು ನೋಡಿದ್ದ ನನಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ನಾಲ್ಕಕ್ಕೆ ಒಬ್ಬರು ಎಂದ ಮೇಲೆ ಖರ್ಚು ಎಷ್ಟಾಗಬೇಡ? ಅವರು ಹೇಳಿದ ಶುಲ್ಕ ಮಗಳ ಮನೆ ಸಾಲದ ಕಂತಿಗೆ ಸಮನಾಗಿತ್ತು. ಅಷ್ಟು ಕೊಡುತ್ತೇನೆಂದರೂ ಜಾಗವಿಲ್ಲ.

ಒಂದು ಸಂಜೆ ಅವಳು ಕಂಪ್ಯೂಟರಿನಲ್ಲಿ ಒಂದು ನಕ್ಷೆ ತೋರಿಸಿದಳು. 'ನೋಡಮ್ಮ, ನಾವಿರೋ ಜಾಗ ಮರುಭೂಮಿಯಂತೆ.' ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ನನಗೆ ನಗು ಬಂತು. ಅವಳು ನಗಲಿಲ್ಲ.

ವಾಷಿಂಗ್ಟನ್ನಿನ ಸೆಂಟರ್ ಫಾರ್ ಅಮೆರಿಕನ್ ಪ್ರೋಗ್ರೆಸ್ ಎಂಬ ಸಂಸ್ಥೆ ಅದೇ 2018ರಲ್ಲಿ ಇಡೀ ದೇಶವನ್ನು ಹಾಗೆ ಅಳೆದಿತ್ತು. ಜನಗಣತಿಗಾಗಿ ಮಾಡಿಕೊಂಡ ಸಣ್ಣ ಸಣ್ಣ ವಲಯಗಳಲ್ಲಿ ಐದು ವರ್ಷದೊಳಗಿನ ಮಕ್ಕಳು 50ಕ್ಕಿಂತ ಹೆಚ್ಚಿದ್ದು, ಲೈಸೆನ್ಸ್ ಪಡೆದ ಕೇಂದ್ರ ಒಂದೂ ಇಲ್ಲದಿದ್ದರೆ, ಅಥವಾ ಇರುವ ಒಂದೊಂದು ಜಾಗಕ್ಕೆ ಮೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಅದು ಮಕ್ಕಳ ಪಾಲನೆಯ ಮರುಭೂಮಿ. ಆ ಲೆಕ್ಕದಂತೆ ಅಮೆರಿಕದ ಜನರಲ್ಲಿ ನೂರಕ್ಕೆ 51 ಮಂದಿ ಇಂಥ ಮರುಭೂಮಿಯಲ್ಲೇ ವಾಸ. ಅಷ್ಟು ದೊಡ್ಡ ದೇಶ! ನಮ್ಮ ಇಲಾಖೆಯ ಸುತ್ತೋಲೆಗಳಲ್ಲೂ ಮರುಭೂಮಿ ಎಂಬ ಮಾತು ಬರುತ್ತದೆ, ಗುಡ್ಡಗಾಡು, ಮರುಭೂಮಿ ಪ್ರದೇಶಗಳಿಗೆ ಕಡಿಮೆ ಜನಸಂಖ್ಯೆ ಸಾಕು ಎಂದು. ಆದರೆ ಅದು ಮರಳಿರುವ ಮರುಭೂಮಿ. ನಾನು ಕೆಲಸ ಮಾಡಿದ್ದು ಕಡೂರಿನ ಕಡೆಯ ಬಯಲುಸೀಮೆಯಲ್ಲಿ. ಮಳೆ ಕಾಣದ ಊರುಗಳೇ ಆದರೂ ಅವು ಮರುಭೂಮಿಯ ಲೆಕ್ಕಕ್ಕೆ ಬರುವುದಿಲ್ಲ.

ಅಭ್ಯಾಸಬಲ ನೋಡಿ, ಆ ವಿವರಣೆ ಕೇಳಿದ ಕೂಡಲೇ ನನ್ನ ಬಾಯಿಂದ ಬಂದ ಪ್ರಶ್ನೆ, 'ನಲವತ್ತೊಂಬತ್ತು ಮಕ್ಕಳಿದ್ದರೆ?'

ಮಗಳಿಗೆ ಆ ಪ್ರಶ್ನೆಯ ಮೂಲ ಗೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ.

2009ರ ಜನವರಿ. ಅದಕ್ಕೆ ಸ್ವಲ್ಪ ಮೊದಲು ಅಂಗನವಾಡಿಗಳ ವಿಸ್ತರಣೆಗೆ ಹೊಸ ಮಾನದಂಡ ಬಂದಿತ್ತು. 400ರಿಂದ 800 ಜನರಿದ್ದರೆ ಒಂದು ಅಂಗನವಾಡಿ, 150ರಿಂದ 400 ಇದ್ದರೆ ಮಿನಿ ಅಂಗನವಾಡಿ. ನನ್ನ ವೃತ್ತದಲ್ಲಿ ಒಂದು ಹಟ್ಟಿ ಇತ್ತು. ದೊಡ್ಡ ಊರಿನ ಅಂಗನವಾಡಿಗೂ ಅದಕ್ಕೂ ನಡುವೆ ಎರಡು ಮೈಲಿ ದಾರಿ, ದಾರಿಯಲ್ಲಿ ಒಂದು ಹಳ್ಳ. ಮೂರು ನಾಲ್ಕು ವರ್ಷದ ಮಗು ನಡೆದು ಹೋಗುವ ದಾರಿಯಲ್ಲ. ಮಿನಿ ಅಂಗನವಾಡಿಗೆ ಹೆಸರು ಕಳಿಸೋಣವೆಂದು ನಾನೇ ಮನೆಮನೆ ಸಮೀಕ್ಷೆಗೆ ಹೋದೆ. ಎಣಿಸಿದೆ. 138 ಜನ. ನಾಲ್ಕು ಮನೆಗಳಿಗೆ ಬೀಗ. ಅವರೆಲ್ಲ ಹಣ್ಣು ಕೀಳಲು ಕಾಫಿ ಸೀಮೆಗೆ ಹೋಗಿದ್ದರು, ಕೂಸುಕುನ್ನಿಗಳ ಸಮೇತ. ಆ ನಾಲ್ಕು ಮನೆಯವರು 19 ಜನ. ಕೂಡಿದರೆ 157.

ಜೊತೆಗಿದ್ದ ದೊಡ್ಡೂರಿನ ಅಂಗನವಾಡಿ ಟೀಚರು ಮೆಲ್ಲಗೆ ಹೇಳಿದಳು. 'ಬರ್ಕೊಳ್ಳಿ ಮೇಡಂ. ಯುಗಾದಿ ಹೊತ್ತಿಗೆ ಬಂದೇ ಬರ್ತಾರೆ. ಅವ್ರ ಊರು ಇದೇ ಅಲ್ವಾ?'

ನನಗೆ ಕೊಟ್ಟಿದ್ದ ಸೂಚನೆ ಸಮೀಕ್ಷೆಯ ಕಾಲದಲ್ಲಿ ವಾಸವಿರುವವರನ್ನು ಬರೆಯಬೇಕು ಎಂದಿತ್ತು. ಸುಳ್ಳು ಲೆಕ್ಕ ಬರೆದು ಸಿಕ್ಕಿಬಿದ್ದವರನ್ನು ನಾನು ಕಂಡಿದ್ದೆ. ಇರದ ಮಕ್ಕಳ ಹೆಸರಿನಲ್ಲಿ ಆಹಾರ ಇಳಿಸಿಕೊಂಡವರನ್ನು ನಾನೇ ಹಿಡಿದೂ ಇದ್ದೆ. ನನ್ನ ಪುಸ್ತಕ ಶುದ್ಧ ಎಂಬ ಹೆಮ್ಮೆ ನನ್ನಲ್ಲಿ ಬಹಳವಿತ್ತು. 138 ಎಂದು ಬರೆದೆ. ಮೇಲಿನ ಕಚೇರಿಯಲ್ಲಿ ಅದನ್ನು ನೋಡಿದ ಅಧಿಕಾರಿ, 'ಹನ್ನೆರಡು ಕಮ್ಮಿ ಇದೆಯಲ್ಲ ಮೇಡಂ, ಬಿಡಿ. ಹಟ್ಟಿಗಳಲ್ಲಿ ಅಜ್ಜಿಯರು ಇರ್ತಾರಲ್ಲ, ಅವರಿಗೇನು ಕೆಲಸ?' ಎಂದರು. ಕೆಟ್ಟ ಮನುಷ್ಯರೇನಲ್ಲ. ನಮ್ಮೆಲ್ಲರ ಮನಸ್ಸಿನಲ್ಲಿದ್ದದ್ದನ್ನೇ ಅವರು ಬಾಯಿಬಿಟ್ಟು ಹೇಳಿದರು.

ಆ ಹಟ್ಟಿಗೆ ಮಿನಿ ಅಂಗನವಾಡಿ ಬಂದದ್ದು 2013ರಲ್ಲಿ. ನಾನು ಎಣಿಸಿದಾಗ ಮೂರು ವರ್ಷವಿದ್ದ ಮಗುವಿಗೆ ಆಗ ಏಳು ತುಂಬಿತ್ತು.

ನನ್ನ ಎಣಿಕೆ ಸರಿಯಾಗಿತ್ತು. ಇಂದಿಗೂ ಅದರಲ್ಲಿ ಒಂದು ಅಂಕಿಯನ್ನೂ ತಪ್ಪೆಂದು ಯಾರೂ ತೋರಿಸಲಾರರು. ಹಾಗಾದರೆ ನಾನು ಸತ್ಯ ಹೇಳಿದೆನೆ? ಈ ಪ್ರಶ್ನೆಯನ್ನು ಹಲವು ವರ್ಷಗಳಿಂದ ತಿರುವಿ ತಿರುವಿ ನೋಡುತ್ತಿದ್ದೇನೆ. 157 ಎಂದು ಬರೆದಿದ್ದರೆ ನಿಯಮದ ಮಟ್ಟಿಗೆ ಸುಳ್ಳು. ಆದರೆ ಆ ಹಟ್ಟಿಯ ಮಟ್ಟಿಗೆ? ಬೀಗ ಹಾಕಿದ ಮನೆಯೇ ಕೊರತೆಯ ಅತ್ಯಂತ ದೊಡ್ಡ ಗುರುತಾಗಿತ್ತಲ್ಲವೆ? ಮಗುವನ್ನು ಬಿಟ್ಟು ಹೋಗಲು ಜಾಗವಿಲ್ಲದ್ದಕ್ಕೇ ಅವರು ಕೂಸುಗಳನ್ನು ಹೊತ್ತುಕೊಂಡು ತೋಟಕ್ಕೆ ಹೋಗಿದ್ದು. ಹೊತ್ತುಕೊಂಡು ಹೋದದ್ದಕ್ಕೇ ಅವರು ಲೆಕ್ಕದಿಂದ ಬಿದ್ದದ್ದು. ಲೆಕ್ಕದಿಂದ ಬಿದ್ದದ್ದಕ್ಕೇ ಜಾಗ ಬಾರದೆ ಹೋದದ್ದು. ನಾನು ಆ ಚಕ್ರದ ನಡುವೆ ಪೆನ್ನು ಹಿಡಿದು ನಿಂತಿದ್ದೆ. ಆದರೂ ಒಂದು ಮಾತು ಹೇಳಲೇಬೇಕು, ಮರುಕ ಬಂದಲ್ಲೆಲ್ಲ ಅಂಕಿ ಏರಿಸುತ್ತ ಹೋದರೆ ಕಳ್ಳಲೆಕ್ಕದವರಿಗೂ ನನಗೂ ವ್ಯತ್ಯಾಸವೇನು ಉಳಿಯುತ್ತಿತ್ತು? 138 ಎಂದೇ ಬರೆದು, ಕೆಳಗೆ ನಾಲ್ಕು ಸಾಲು ವಿವರ ಬರೆಯಬಹುದಿತ್ತು. ಷರಾ ಎಂಬ ಕಾಲಂ ಇದ್ದೇ ಇತ್ತು. ಅಲ್ಲಿ ನಾನು ಅಡ್ಡಗೆರೆ ಎಳೆದಿದ್ದೆ.

ಇಂಥ ಅಂಕಿಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. 1948ರ ಕಾರ್ಖಾನೆ ಕಾಯಿದೆಯಲ್ಲಿ ಶಿಶುವಿಹಾರ ಕಡ್ಡಾಯವಾಗಲು ಮೊದಲು 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರಬೇಕಿತ್ತು, 1976ರ ತಿದ್ದುಪಡಿಯಲ್ಲಿ ಅದು 30ಕ್ಕೆ ಇಳಿಯಿತು. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ ಕೆಲಸದ ಜಾಗಕ್ಕೆ ಐದು ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬಾಕೆ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಕೊಟ್ಟ ಆದೇಶದಲ್ಲಿ, ಆರು ವರ್ಷದೊಳಗಿನ 40 ಮಕ್ಕಳಿರುವ ಯಾವುದೇ ಹಳ್ಳಿ, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳಲ್ಲಿ ಅಂಗನವಾಡಿ ತೆರೆಯಬೇಕು ಎಂದಿತ್ತು. ಎಲ್ಲವೂ ಒಳ್ಳೆಯದಕ್ಕೇ ಬಂದವು, ಎಷ್ಟೋ ಕಡೆ ಒಳ್ಳೆಯದೂ ಆಯಿತು. ಆದರೆ ಕಾರ್ಖಾನೆಯಲ್ಲಿ ಏಕೆ ಹೆಣ್ಣಾಳುಗಳನ್ನು ಮಾತ್ರ ಎಣಿಸಿದರು? ಗಂಡಸರಿಗೆ ಮಕ್ಕಳಿರಲಿಲ್ಲವೆ? ಈ ಪ್ರಶ್ನೆ ಕಾನೂನಿಗೆ ಹೊಳೆಯಲು 2017ರವರೆಗೆ ಬೇಕಾಯಿತು. ಆ ವರ್ಷದ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಗಂಡು ಹೆಣ್ಣೆನ್ನದೆ 50 ನೌಕರರು ಎಂದಿತು. ಇನ್ನು, 'ಕೇಳಿದರೆ' ಎಂಬ ಮಾತು. ಕೇಳುವವರು ಯಾರು? ಕಂಕುಳಲ್ಲಿ ಕೂಸು, ತಲೆಯ ಮೇಲೆ ಹುಲ್ಲಿನ ಹೊರೆ ಇರುವವಳು ಅರ್ಜಿ ಬರೆಸಿಕೊಂಡು ತಾಲ್ಲೂಕು ಕಚೇರಿಗೆ ಯಾವಾಗ ಹೋಗಬೇಕು? ಕೊರತೆ ಎಲ್ಲಿ ಹೆಚ್ಚೋ ಅಲ್ಲಿ ಕೇಳುವುದಕ್ಕೂ ಬಿಡುವಿರುವುದಿಲ್ಲ.

ಮಿನೆಸೋಟದ ಆ ನಕ್ಷೆಗೆ ಮತ್ತೆ ಬರುತ್ತೇನೆ. ಅದನ್ನು ಮಾಡಿದವರನ್ನು ನಾನು ಹೀಗಳೆಯುತ್ತಿಲ್ಲ. ಅಂಕಿಯಿಲ್ಲದೆ ಸರಕಾರಗಳ ಕಿವಿ ತೆರೆಯುವುದಿಲ್ಲ, ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿಯವರೇ ತಮ್ಮ ಅಳತೆಯ ಕುಂದನ್ನು ತಾವೇ ಕಂಡುಕೊಂಡರು. ತಾಯಿ ಮಗುವನ್ನು ಬಿಡುವುದು ತನ್ನ ವಲಯದ ಗೆರೆಯೊಳಗೇ ಅಲ್ಲ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಗೆರೆಯಾಚೆಗೂ ಬಿಟ್ಟಾಳು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಎಲಿಜಬೆತ್ ಡೇವಿಸ್, ಆರನ್ ಸೊಜರ್ನರ್ ಮೊದಲಾದ ಅರ್ಥಶಾಸ್ತ್ರಜ್ಞರು ಊರಿನ ಗೆರೆ ಬಿಟ್ಟು ಒಂದೊಂದು ಕುಟುಂಬದ ಹೊಸ್ತಿಲಿನಿಂದ ಅಳೆಯುವ ವಿಧಾನ ಮಾಡಿದರು. ಈ ಮನೆಯಿಂದ ಹೊರಟರೆ ಎಷ್ಟು ದೂರದಲ್ಲಿ ಎಷ್ಟು ಜಾಗವಿದೆ, ಆ ಜಾಗಕ್ಕಾಗಿ ಇನ್ನೆಷ್ಟು ಮಕ್ಕಳು ಕಾದಿದ್ದಾರೆ, ಬೆಲೆ ಎಷ್ಟು, ಗುಣಮಟ್ಟ ಹೇಗೆ ಎಂದು. ಹೊಸ್ತಿಲಿನಿಂದ ಅಳೆಯುವುದು! ಹಳ್ಳದಾಚೆಯ ನನ್ನ ಹಟ್ಟಿಯನ್ನು ಹಾಗೆ ಅಳೆದಿದ್ದರೆ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಆದರೂ ಒಂದು ಉಳಿಯುತ್ತದೆ. ಮೂರು ಮಕ್ಕಳಿಗೆ ಒಂದು ಜಾಗವಿದ್ದರೆ ಮರುಭೂಮಿಯಲ್ಲ ಎಂದರು. ಹಾಗಾದರೆ ಉಳಿದಿಬ್ಬರು ಎಲ್ಲಿ? ಮೊಮ್ಮಗಳನ್ನು ಕಾಲಿನ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತ ಇದ್ದಾಗ ನನಗೆ ಥಟ್ಟನೆ ಹೊಳೆಯಿತು, ಆ ಉಳಿದಿಬ್ಬರು ನನ್ನಂಥವರ ಕಾಲಿನ ಮೇಲೆಯೇ ಇದ್ದಾರೆ. ತಾಯಿ, ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯಾಕೆ. ನಕ್ಷೆಯಲ್ಲಿ ನಾನು ಇಲ್ಲ. ನನಗೆ ಲೈಸೆನ್ಸ್ ಇಲ್ಲವಲ್ಲ. ಆದರೆ ಆ ಮೂರು ಎಂಬ ಅಂಕಿಯ ಒಳಗೆ ನಾನು ಮಡಿಚಿ ಕುಳಿತಿದ್ದೇನೆ.

ಸರಿ, ನನ್ನನ್ನೂ ಎಣಿಸಬೇಕೇ? ಅಲ್ಲೇ ಇರುವುದು ತೊಡಕು. ಅಜ್ಜಿಯನ್ನು ಲೆಕ್ಕಕ್ಕೆ ಸೇರಿಸಿದರೆ ಊರಿನಲ್ಲಿ ಕೊರತೆಯೇ ಇಲ್ಲವೆಂದಾಗುತ್ತದೆ, ನನ್ನ ಅಧಿಕಾರಿ ಹೇಳಿದ ಹಾಗೆ. ಆಗ ಅವಳು ಇಷ್ಟಪಟ್ಟು ಮಾಡುವುದು ಅವಳ ಮೇಲಿನ ಕಂದಾಯವಾಗುತ್ತದೆ. ಸೇರಿಸದೆ ಬಿಟ್ಟರೆ ಅವಳು ಮಾಡಿದ್ದು ಕೆಲಸವೇ ಅಲ್ಲವೆಂದಾಗುತ್ತದೆ. ಪ್ರೀತಿಯಿಂದ ಕೊಟ್ಟದ್ದನ್ನು 'ಇದೆ' ಎನ್ನಬೇಕೋ 'ಇಲ್ಲ' ಎನ್ನಬೇಕೋ? ಕೊಡುವವರು ಇದ್ದಾರೆಂಬ ಒಂದೇ ಕಾರಣಕ್ಕೆ ಅದನ್ನು ತೆಗೆದುಕೊಳ್ಳುವ ಹಕ್ಕು ಉಳಿದವರಿಗೆ ಎಲ್ಲಿಂದ ಬರುತ್ತದೆ?

ಇದನ್ನು ಬರೆಯುವಾಗ ಆ ಹಟ್ಟಿಯ ಒಂದು ಹುಡುಗಿ ಎದುರಿಗೆ ಬಂದು ನಿಲ್ಲುತ್ತಾಳೆ. ಒಂಬತ್ತೋ ಹತ್ತೋ ವರ್ಷ. ಸೊಂಟದ ಮೇಲೆ ತಮ್ಮ. ನಾನು ಅವಳ ಸೊಂಟದಿಂದ ಕೂಸನ್ನು ಇಳಿಸಿಕೊಂಡು ತೂಕದ ಜೋಲಿಯಲ್ಲಿ ಹಾಕಿದೆ, ತೂಕ ಬರೆದೆ, ಮತ್ತೆ ಅವಳ ಸೊಂಟಕ್ಕೇ ಏರಿಸಿದೆ. ಕೂಸಿನ ಹೆಸರು, ವಯಸ್ಸು, ಚುಚ್ಚುಮದ್ದು ಎಲ್ಲಕ್ಕೂ ನನ್ನ ವಹಿಯಲ್ಲಿ ಕಾಲಂ ಇತ್ತು. ಹೊತ್ತುಕೊಂಡವಳಿಗೆ ಇರಲಿಲ್ಲ, ಅವಳು ಆರು ದಾಟಿದವಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಇದ್ದಿರಬೇಕು. ಅದು ಇನ್ನೊಂದು ಇಲಾಖೆಯ ಪುಸ್ತಕ, ನಾನು ನೋಡಲಿಲ್ಲ. ತಾರಾಬಾಯಿ ಮೋಡಕರು ಮತ್ತು ಅನುತಾಯಿ ವಾಘ್ ಅವರು ಮಹಾರಾಷ್ಟ್ರದ ಬೋರ್ಡಿ, ಕೋಸ್‌ಬಾಡ್‌ಗಳಲ್ಲಿ ಆದಿವಾಸಿ ಮಕ್ಕಳಿಗೆ ಕಲಿಸಲು ಹೊರಟಾಗ ಕಂಡದ್ದು ಇಂಥ ಹುಡುಗಿಯರನ್ನೇ. ಶಿಶುವಿಹಾರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಇಟ್ಟು ವಿಕಾಸವಾಡಿ ಎಂದು ಕರೆದರು. ತಮ್ಮನನ್ನು ಒಂದು ಬಾಗಿಲಲ್ಲಿ ಇಳಿಸಿ ಅಕ್ಕ ಪಕ್ಕದ ಬಾಗಿಲಿಗೆ ಹೋಗಬಹುದಿತ್ತು. ಮಕ್ಕಳು ಬಾರದಿದ್ದಾಗ ಅವರ ಅಂಗಳಕ್ಕೇ ಹೋಗಿ ಕಲಿಸಿದ್ದರಿಂದ ಅಂಗನವಾಡಿ ಎಂಬ ಹೆಸರು. ಆ ಹೆಸರನ್ನು ನಾವು ಉಳಿಸಿಕೊಂಡೆವು. ಮೂರು ತುಂಬದ ಕೂಸನ್ನು ಇಳಿಸುವ ಬಾಗಿಲನ್ನು ಮಾತ್ರ ಬಿಟ್ಟುಬಿಟ್ಟೆವು. ಅಂಥ ಕೂಸುಗಳಿಗೆ ನನ್ನ ಕಾಲದ ಅಂಗನವಾಡಿಯಲ್ಲಿ ಇದ್ದದ್ದು ಮನೆಗೊಯ್ಯುವ ಆಹಾರದ ಪೊಟ್ಟಣ ಮತ್ತು ತೂಕದ ಚೀಟಿ. ನಮ್ಮ ರಾಜ್ಯದಲ್ಲಿ 'ಕೂಸಿನ ಮನೆ' ಎಂದು 4,000 ಗ್ರಾಮ ಪಂಚಾಯಿತಿಗಳಿಗೆ ಶಿಶುಪಾಲನಾ ಕೇಂದ್ರ ಘೋಷಣೆಯಾದದ್ದು 2023ರ ಬಜೆಟ್ಟಿನಲ್ಲಿ. ನಾನು ನಿವೃತ್ತಳಾಗಿ ಆರು ವರ್ಷದ ಮೇಲೆ. ಆ ಹುಡುಗಿಗೆ ಅಷ್ಟು ಹೊತ್ತಿಗೆ ಅವಳದೇ ಕೂಸಿದ್ದೀತು.

ಬೇರೆಯವರ ಮಾತೇಕೆ? ನಾನು ಸೈಕಲ್ಲು ಸಿಗದ ದಾರಿಯಲ್ಲಿ ನಡೆದು ಪರರ ಮಕ್ಕಳನ್ನು ಎಣಿಸುತ್ತಿದ್ದಾಗ ನನ್ನ ಮಗಳನ್ನು ಸಾಕಿದ್ದು ನಮ್ಮತ್ತೆ. ಬೆಳಿಗ್ಗೆ ಎಂಟಕ್ಕೆ ಕೈಗೆ ಕೊಟ್ಟು ಹೋದರೆ ಸಂಜೆ ಏಳಕ್ಕೆ ತೆಗೆದುಕೊಳ್ಳುತ್ತಿದ್ದೆ. 'ನೋಡ್ಕೋತೀರಾ ಅತ್ತೆ?' ಎಂದು ನಾನು ಕೇಳಿದ ನೆನಪಿಲ್ಲ. ಕೇಳುವ ವಿಷಯ ಎಂದೇ ತೋಚಿರಲಿಲ್ಲ. ಮಗಳು ಶಾಲೆಗೆ ಸೇರಿದ ವರ್ಷ ಅವರು ಒಂದು ದಿನ ಸೊಪ್ಪು ಸೋಸುತ್ತ, 'ಇನ್ನು ಧರ್ಮಸ್ಥಳಕ್ಕೆ ಒಂದು ಸಲ ಹೋಗಿ ಬರಬಹುದೇನೋ. ಐದು ವರ್ಷದಿಂದ ಅಂದ್ಕೊಂಡಿದ್ದೆ' ಎಂದರು. ದೂರಿನ ದನಿಯೇ ಅಲ್ಲ. ಐದು ವರ್ಷದಿಂದ ಅಂದುಕೊಂಡದ್ದು ನನಗೆ ಅಂದೇ ತಿಳಿದದ್ದು.

2022ರಲ್ಲಿ ಮಗಳು ಎರಡನೆಯ ಸಲ ಬಸುರಿಯಾದಾಗ ಫೋನು ಮಾಡಿದಳು. ಈ ಸಲ ಪಾಳಿ ಹದಿನಾಲ್ಕು ತಿಂಗಳು ಎಂದಿದ್ದಾರಂತೆ. 'ನಂಗೇನೂ ಯೋಚನೆ ಇಲ್ಲಮ್ಮ, ನೀನಿದ್ದೀಯಲ್ಲ.'

ಸಂತೋಷವಾಗಬೇಕಾದ ಮಾತು. ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ನಿವೃತ್ತಿಯ ನಂತರ ನಾನು ಗಮಕದ ತರಗತಿಗೆ ಸೇರಿದ್ದೆ. ವಾರಕ್ಕೆ ಎರಡು ಸಂಜೆ, ನಮ್ಮ ಬೀದಿಯ ಏಳು ಜನ ಹೆಂಗಸರು. ಜೀವಮಾನದಲ್ಲಿ ಮೊದಲ ಸಲ ಯಾವ ಮೊತ್ತಕ್ಕೂ ತಾಳೆ ಹಾಕಬೇಕಿಲ್ಲದ ಕೆಲಸ. ಮಂಡಿನೋವು ಬೇರೆ. ನಮ್ಮ ಮನೆಯವರ ಕಣ್ಣಿನ ಆಪರೇಷನ್ನು ಬಾಕಿ ಇತ್ತು. ಅವಳ 'ನೀನಿದ್ದೀಯಲ್ಲ' ಎಂಬುದಕ್ಕೂ ಆ ಅಧಿಕಾರಿಯ 'ಅಜ್ಜಿಯರು ಇರ್ತಾರಲ್ಲ' ಎಂಬುದಕ್ಕೂ ವ್ಯತ್ಯಾಸ ಇದ್ದೇ ಇದೆ, ಒಂದು ಕರುಳಿನಿಂದ ಬಂದದ್ದು. ಆದರೂ ಆ 'ಅಲ್ಲ' ಎಂಬ ಬಾಲ ಎರಡರಲ್ಲೂ ಒಂದೇ. ಅದರಲ್ಲಿ ಪ್ರಶ್ನೆಗೆ ಜಾಗವಿಲ್ಲ.

'ಬರ್ತೀಯಾ ಅಂತ ಒಂದು ಸಲ ಕೇಳು ಪುಟ್ಟ' ಎಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, 'ಬರ್ತೀಯಾಮ್ಮ?' ಎಂದಳು. ವಿಚಿತ್ರ ನೋಡಿ, ಕೇಳಿಸಿಕೊಂಡ ಮೇಲೆ ಉತ್ತರ ಇನ್ನೂ ಕಷ್ಟವಾಯಿತು. ಇಲ್ಲ ಎನ್ನುವುದಕ್ಕೂ ಈಗ ದಾರಿಯಿತ್ತು. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದೆ. ಎರಡು ದಿನ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಕಣ್ಣಿನ ಆಪರೇಷನ್ ಮುಗಿಸಿ, ಆರು ತಿಂಗಳಿಗಲ್ಲ, ನಾಲ್ಕು ತಿಂಗಳಿಗೆ ಬರುತ್ತೇನೆ ಎಂದೆ. ಉಳಿದದ್ದಕ್ಕೆ ಅವಳೂ ಅಳಿಯಂದಿರೂ ಬೇರೆ ದಾರಿ ನೋಡಿಕೊಳ್ಳಬೇಕಾಯಿತು. ಅಳಿಯಂದಿರು ತಮ್ಮ ಕಚೇರಿಯಲ್ಲಿ ಮೊದಲ ಸಲ ರಜೆ ಕೇಳಿದರು. ಅವರಿಗೂ ಕೇಳಬಹುದು ಎಂದು ಹೊಳೆದಿರಲಿಲ್ಲವಂತೆ.

ಅಲ್ಲಿಗೆ ಹೋದ ಮೇಲೆ ಒಂದು ಡೇಕೇರಿನ ಅರ್ಜಿ ತುಂಬುವುದಿತ್ತು. ಮಗುವನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಒಂದು ಸಾಲು. ಸಂಬಂಧಿಕರು ಎಂಬಲ್ಲಿ ಮಗಳು ಗುರುತು ಹಾಕಿದಳು. ಪಕ್ಕದಲ್ಲಿ ವಾರಕ್ಕೆ ಎಷ್ಟು ಗಂಟೆ ಎಂದಿತ್ತು. ಅವಳು ಸರಸರ 40 ಎಂದು ಬರೆದಳು. ನಾನು ಏನೂ ಹೇಳಲಿಲ್ಲ, ಪಕ್ಕದಲ್ಲಿ ಕೂತು ಮಗುವಿನ ಟೋಪಿಗೆ ದಾರ ಪೋಣಿಸುತ್ತಿದ್ದೆ. ಅವಳೇ ನಿಂತಳು. 'ರಾತ್ರಿದು ಸೇರಿಸಿಲ್ಲ' ಎಂದಳು. ಆಮೇಲೆ 'ಶನಿವಾರದ್ದೂ'. ಚಿಕ್ಕಂದಿನಲ್ಲಿ ನಾನು ಹೇಳಿಕೊಟ್ಟ ಹಾಗೆ ಬೆರಳಿನ ಗೆಣ್ಣು ಎಣಿಸುತ್ತ ಕೂತಳು. ಕೊನೆಗೆ 40 ಹೊಡೆದುಹಾಕಿ 68 ಎಂದು ಬರೆದಳು.

ಆ ರಾತ್ರಿ ಮಗು ಅತ್ತಾಗ ನಾನು ಏಳುವಷ್ಟರಲ್ಲಿ ಅಳಿಯಂದಿರ ಕೋಣೆಯ ದೀಪ ಹತ್ತಿತ್ತು.